ಬಸಳೆಯ ಬುಡಕ್ಕೆ ಒಂದು ಕೊಡ ನೀರು

ಕಾಮನ ಹುಣ್ಣಿಮೆಯ ಮಾರನೆಯ ದಿನ, ಬುಧವಾರ, ಓಬಯ್ಯ ಮೊದಲ ಸಲ ಮನೆ ಬಿಟ್ಟು ಹೊರಟ. ಆಗಿನ್ನೂ ಐಗಳ ಮಠದಲ್ಲಿ ಮಗ್ಗಿ ಒಪ್ಪಿಸುವ ವಯಸ್ಸು. ಹನ್ನೊಂದರ ಮಗ್ಗಿ ಮುಗಿದಿತ್ತು. ಹನ್ನೆರಡರದ್ದು ಶುರುವಾಗುವ ಮೊದಲೇ ಬೀದಿಯಲ್ಲಿ ಕಲ್ಲುಕುಟಿಗರ ಗಾಡಿ ಹಾದುಹೋಯಿತು. ಓಬಯ್ಯ ಎದ್ದು ಅದರ ಹಿಂದೆ ನಡೆದ. ಹನ್ನೆರಡರ ಮಗ್ಗಿ ಅವನಿಗೆ ಕೊನೆವರೆಗೂ ಬರಲಿಲ್ಲ. ಕಲ್ಲು ಹಾಸುವುದು ಚೆನ್ನಾಗಿ ಬಂತು. ಕೆಲಸ ಮುಗಿದ ಮೇಲೆ ಒಂದೂರಲ್ಲಿ ಒಂದು ಹೊತ್ತು ಹೆಚ್ಚಿಗೆ ನಿಂತವನಲ್ಲ ಅವನು.

ಹೀಗೆ ಅಲೆಯುತ್ತಾ ಅಲೆಯುತ್ತಾ ಒಬ್ಬ ರಾಜನ ಊರಿಗೆ ಬಂದ. ಆ ರಾಜ್ಯದಲ್ಲೊಂದು ಕಟ್ಟಳೆ ಇತ್ತು ಕೇಳಿ. ಬೀಳುಬಿದ್ದ ಜಾಗಕ್ಕೆ ಯಾರು ಕೈಯಾರೆ ಕಲ್ಲು ಹಾಸುತ್ತಾರೋ, ಜಾಗ ಅವರದ್ದು.

ಅಲ್ಲಿ ಈರವ್ವ ಅಂತ ಒಬ್ಬಳು ಹಪ್ಪಳ ಮಾಡಿ ಬದುಕುತ್ತಿದ್ದಳು. ಮನೆ ಹಿಂದೆ ಮುಳ್ಳುಪೊದೆಯ ಬೀಳು. ಅಲ್ಲಿ ಒಣಗಿಸಿದ ಹಪ್ಪಳಕ್ಕೆಲ್ಲ ಮಣ್ಣು. ತಿಂದವರ ಹಲ್ಲಲ್ಲಿ ಕರಕರ. ಕೊಳ್ಳುವವರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು.

"ತಮ್ಮಾ, ನನ್ನ ಹಿತ್ತಲಿಗೆ ಕಲ್ಲು ಹಾಸಬೇಕು. ಹಾಸೋಳು ನಾನು, ಹೇಳಿಕೊಡೋನು ನೀನು," ಎಂದಳು ಈರವ್ವ, ಓಬಯ್ಯನ ಗಂಟಿನಲ್ಲಿ ಉಳಿ ಸುತ್ತಿಗೆ ಕಂಡು.

"ಆಯ್ತಕ್ಕ. ಊಟಕ್ಕೆ ಹಪ್ಪಳ ಇರಲಿ, ಮಣ್ಣಿಲ್ಲದ್ದು," ಎಂದ ಓಬಯ್ಯ.

ಈರವ್ವ ಪೊದೆ ಕಡಿದಳು. ಗೇಣಾಳ ಅಗೆದಳು. ಜಲ್ಲಿ ಹರವಿ ಬಡಿದು ಬಡಿದು ಗಟ್ಟಿ ಮಾಡಿದಳು. ಮೇಲೆ ಮರಳು, ಮರಳಿನ ಮೇಲೆ ಚಪ್ಪಡಿ. ಒಂದು ಕೊಡ ನೀರು ಸುರಿದು ನೋಡಿದರೆ ನೀರು ನಟ್ಟನಡುವೆ ನಿಂತಿತು. ಕಿತ್ತು ಮತ್ತೆ ಹಾಸಿದಳು. ಈ ಸಲ ನೀರು ಸರಸರನೆ ಬೀದಿಯ ಚರಂಡಿ ಸೇರಿತು. ಓಬಯ್ಯ ಗಂಟು ಕಟ್ಟಲು ಎದ್ದ.

"ಕೂತ್ಕೋ," ಎಂದಳು ಈರವ್ವ. "ಬಾವಿಯಿಂದ ಹೊತ್ತು ತಂದ ನೀರು ಚರಂಡಿಗೆ ಯಾಕೆ? ಆ ಮೂಲೆಯ ಬಸಳೆಗೆ ಹೋಗಲಿ."

"ಮತ್ತೆ ಎಲ್ಲ ಕೀಳಬೇಕಾಗ್ತದೆ ಅಕ್ಕ."

"ಕೀಳೋಣ."

ಓಬಯ್ಯ ಗೊಣಗುತ್ತಲೇ ದಾರ ಕಟ್ಟಿ ವಾಟ ತೋರಿಸಿದ. ವಾಟ ಅಂದರೆ ನೀರು ಹರಿಯಲಿಕ್ಕೆ ಕೊಡುವ ಇಳಿಜಾರು. ಈರವ್ವ ಒಂದೊಂದೇ ಚಪ್ಪಡಿ ಎತ್ತಿ ಕೂರಿಸಿದಳು. ನೋಡುವ ಕಣ್ಣಿಗೆ ಎಲ್ಲ ಒಂದೇ ಸಮ. ಸುರಿದ ನೀರು ಮಾತ್ರ ಬಸಳೆಯ ಬುಡಕ್ಕೆ ಹೋಗಿ ಇಂಗಿತು.

ಅಷ್ಟರಲ್ಲಿ ಅರಮನೆಯ ಪಾರುಪತ್ಯಗಾರ ದೊಡ್ಡೀರಯ್ಯ ಆ ದಾರಿಯಲ್ಲಿ ಬಂದ. ನೋಡಿದ, ಆಸೆಯಾಯಿತು. ಸೀದಾ ರಾಜನ ಹತ್ತಿರ ಹೋಗಿ, "ಆ ಹಿತ್ತಲಿಗೆ ಕಲ್ಲು ಹಾಸಿದವನು ನಾನು ಬುದ್ಧಿ, ಜಾಗ ನನಗೆ ಸೇರಬೇಕು," ಎಂದ. ಬೆಳಗಾಗುತ್ತಲೇ ರಾಜ ತಾನೇ ಹಿತ್ತಲಿಗೆ ಬಂದ.

"ಹೆಂಗಸು ಇಷ್ಟು ಭಾರದ ಚಪ್ಪಡಿ ಎತ್ತೋದುಂಟೇ ಬುದ್ಧಿ?" ಎಂದು ದೊಡ್ಡೀರಯ್ಯ ನಕ್ಕ.

ಓಬಯ್ಯ ಮುಂದೆ ಬಂದ. "ನಾನು ಕಣ್ಣಾರೆ ಕಂಡಿದ್ದೇನೆ ಸ್ವಾಮಿ."

"ಊರಿಲ್ಲದವನ ಮಾತು ಸಾಕ್ಷಿಯಾಗದು," ಎಂದ ರಾಜ.

ಈರವ್ವನ ಮುಖ ಬಾಡಿತು. ಓಬಯ್ಯ ಹೆಗಲ ಮೇಲಿನ ಗಂಟನ್ನು ಕೆಳಗಿಟ್ಟ. ಹಾಗೇ ಬಿಟ್ಟು ಹೋಗಲು ಅವನಿಗೂ ಕಾಲು ಬರಲಿಲ್ಲ.

"ಚಪ್ಪಡಿ ಎಷ್ಟಿವೆ?" ರಾಜ ಕೇಳಿದ. ದೊಡ್ಡೀರಯ್ಯ ಆಗಲೇ ಎಣಿಸಿಕೊಂಡಿದ್ದ. ಇಬ್ಬರೂ ನಲವತ್ತೆಂಟು ಎಂದರು. "ಅಡಿಯಲ್ಲೇನಿದೆ?" ಮರಳು, ಅದರಡಿ ಜಲ್ಲಿ ಎಂದರು ಇಬ್ಬರೂ. ಅದು ಊರಿಗೆಲ್ಲ ಗೊತ್ತಿದ್ದದ್ದೇ. ರಾಜ ಗಡ್ಡ ಕೆರೆದುಕೊಂಡ.

"ಸಾಕ್ಷಿ ಹೇಳೋದಿಲ್ಲ ಸ್ವಾಮಿ, ಮೂರನೇ ಪ್ರಶ್ನೆ ನಾನು ಕೇಳಲಾ?" ಎಂದ ಓಬಯ್ಯ. "ನಡುವೆ ಒಂದು ಕೊಡ ನೀರು ಸುರೀರಿ. ಅದಕ್ಕೂ ಮೊದಲು, ನೀರು ಎಲ್ಲಿಗೆ ಬರ್ತದೋ ಅಲ್ಲಿ ಹೋಗಿ ನಿಂತ್ಕೊಳ್ಳಲಿ ಇಬ್ಬರೂ."

"ಇದೇನು ದೊಡ್ಡ ವಿಷಯ," ಎಂದ ದೊಡ್ಡೀರಯ್ಯ, ಚರಂಡಿಯ ಪಕ್ಕ ಹೋಗಿ ಪಂಚೆ ಮೊಣಕಾಲಿನವರೆಗೆ ಎತ್ತಿಕೊಂಡು ನಿಂತ. ಈರವ್ವ ಬಸಳೆಯ ಮೂಲೆಗೆ ಹೋದಳು. ಅಲ್ಲಿ ಹಪ್ಪಳದ ಮೊರ ಇತ್ತು. ನೆನೆದೀತು ಅಂತ ಅದನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು.

ರಾಜ ನೀರು ಸುರಿದ. ನೀರು ನಡುವೆ ಒಂದು ಗಳಿಗೆ ಹರಡಿ ನಿಂತಂತಾಯಿತು. ಓಬಯ್ಯ ಉಸಿರು ಹಿಡಿದ. ಆಮೇಲೆ ಅದು ಮೆಲ್ಲಗೆ ತಿರುಗಿ, ಚಪ್ಪಡಿಯಿಂದ ಚಪ್ಪಡಿಗೆ ಇಳಿದು, ಈರವ್ವನ ಪಾದ ತೊಳೆದು ಬಸಳೆಯ ಬುಡ ಸೇರಿತು. ಓಬಯ್ಯನಿಗೆ ಹೋದ ಜೀವ ಬಂದಂತಾಯಿತು. ದೊಡ್ಡೀರಯ್ಯ ಇನ್ನೂ ಪಂಚೆ ಎತ್ತಿಕೊಂಡೇ ನಿಂತಿದ್ದ. ಒಂದು ಹನಿಯೂ ಅವನ ಕಡೆ ಹೋಗಲಿಲ್ಲ.

"ಪಂಚೆ ಹೇಗೂ ಎತ್ತಿ ಕಟ್ಟಿದ್ದೀಯ," ಎಂದ ರಾಜ. "ಮಳೆ ಬೀಳೋವರೆಗೆ ದಿನಾ ಮೂರು ಕೊಡ ನೀರು ಈ ಬಸಳೆಗೆ ನೀನೇ ಹೊರು. ಹಿತ್ತಲು ಈರವ್ವನದು."

ಅದಕ್ಕೇ ಹೇಳುವುದು ಮಕ್ಕಳೇ, ಬೇರೆಯವರ ದುಡಿಮೆಯನ್ನು ನನ್ನದು ಅನ್ನಬಾರದು. ಎಣಿಸಿ ನೋಡಿದವನಿಗೆ ಕಲ್ಲಿನ ಲೆಕ್ಕ ಸಿಕ್ಕೀತು, ಅದರ ಗುಟ್ಟು ಕಿತ್ತು ಕಿತ್ತು ಮೂರು ಸಲ ಹಾಸಿದವರಿಗೇ ಗೊತ್ತು.

ಓಬಯ್ಯ ಉಳಿ, ಸುತ್ತಿಗೆ, ದಾರ ಎಲ್ಲ ಗಂಟಿಗೆ ಸೇರಿಸಿದ. ಈರವ್ವ ಒಂದು ಕಟ್ಟು ಹಪ್ಪಳ ತಂದಿಟ್ಟಳು. ಅವನು ಒಂದು ಚೂರು ಮುರಿದು ಅಗಿದು ನೋಡಿದ. ಮಣ್ಣು ಕರಕರ ಅನ್ನಲಿಲ್ಲ.

"ಬಸಳೆ ಸಾರು ಉಣ್ಣೋವರೆಗಾದರೂ ಇರಬಾರದೇನೋ ತಮ್ಮಾ? ಎತ್ತ ಕಡೆ ಹೊರಟೆ?"

"ನೀರಿಗೆ ನೀನು ವಾಟ ಕೊಟ್ಟೆ ಅಕ್ಕ," ಎಂದು ಓಬಯ್ಯ ಗಂಟಿನ ತುದಿ ಬಿಗಿದ. "ನನ್ನ ಕಾಲಿಗೆ ಯಾರು ಕೊಟ್ಟರೋ ನನಗೂ ಗೊತ್ತಿಲ್ಲ."