ಅಂತೋಣಿ ಕೂತ ದಿನ

ಒಂದು ಕಬ್ಬಿಣದ ಕಾರ್ಖಾನೆ ಊರಿನಲ್ಲಿ ಇಬ್ಬರು ಸ್ನೇಹಿತರಿದ್ದರು. ಒಬ್ಬ ಅಂತೋಣಿ, ಕ್ರೇನ್ ಡ್ರೈವರ್, ಆರಡಿ ಮೂರಂಗುಲ. ಇನ್ನೊಬ್ಬ ಓಬಳಯ್ಯ, ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿಯವನು. ಗುಂಡಗಿದ್ದ, ಅಂತೋಣಿಯ ಎದೆಮಟ್ಟಕ್ಕೆ ಬರುತ್ತಿದ್ದ. ಇಬ್ಬರೂ ಜೊತೆಯಾಗಿ ನಡೆದು ಬಂದರೆ ಕ್ಯಾಂಟೀನಿನವರು "ಒಂದರ ಪಕ್ಕ ಸೊನ್ನೆ, ಹತ್ತನೇ ನಂಬರ್ ಬಂತು" ಅನ್ನುತ್ತಿದ್ದರು.

ಮಕ್ಕಳೇ, ಆ ಊರಿನ ಫುಟ್‌ಬಾಲ್ ಮೈದಾನವನ್ನು ನೀವು ನೋಡಬೇಕಿತ್ತು! ಕುರ್ಚಿಯೂ ಇಲ್ಲ, ಮೆಟ್ಟಿಲೂ ಇಲ್ಲ. ಒಂದು ಪಕ್ಕಕ್ಕೆ ಉದ್ದನೆಯ ಮಣ್ಣಿನ ದಿಣ್ಣೆ, ಅಷ್ಟೇ. ಎರಡು ಸಾವಿರ ಜನ ಅದರ ಮೇಲೆ ನಿಂತೇ ಆಟ ನೋಡುತ್ತಿದ್ದೆವು. ಕಡಲೆಕಾಯಿ ಸಿಪ್ಪೆ ಯಾರ ಜೇಬಿಗೆ ಬೀಳುತ್ತಿತ್ತೋ, ಯಾರ ಗೋಲಿಸೋಡ ಯಾರು ಕುಡಿಯುತ್ತಿದ್ದರೋ, ಕೇಳುವವರಿಲ್ಲ. ರೆಫ್ರಿ ಸೀಟಿ ಊದುವ ಮೊದಲು ಯಾರಾದರೂ ಒಬ್ಬರು "ಗಿಡ್ಡದೋರು ಮುಂದೆ" ಅಂತ ಕೂಗುತ್ತಿದ್ದರು. ಆಗ ಉದ್ದದವರು ದಿಣ್ಣೆ ಹತ್ತುವರು, ಕುಳ್ಳರು ಇಳಿಯುವರು. ಫೋರ್‌ಮನ್ನೂ ಅಷ್ಟೇ, ಕಸ ಗುಡಿಸುವವನೂ ಅಷ್ಟೇ. ಹಾಫ್ ಟೈಮ್ ಆಯಿತೆಂದರೆ ನಮ್ಮವರು ಇನ್ನು ಯಾವ ಕಡೆ ಗೋಲು ಹೊಡೆಯಬೇಕೋ ಆ ಕಡೆಗೆ ಇಡೀ ದಿಣ್ಣೆ ಎದ್ದು ನಡೆದುಬಿಡುತ್ತಿತ್ತು. ನಲವತ್ತು ವರ್ಷವಾಯಿತು, ಆ ಮಣ್ಣಿನ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ಇರಲಿ, ಕಥೆಗೆ ಬರುತ್ತೇನೆ.

ಓಬಳಯ್ಯ ಒಮ್ಮೆ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ. ಮೂಳೆ ಕೂಡಿತು, ಆದರೆ ಆಸರೆ ಇಲ್ಲದೆ ಐದು ನಿಮಿಷ ನಿಂತರೆ ಕಾಲು ನಡುಗುತ್ತಿತ್ತು. ಎರಡು ವರ್ಷ ಅವನು ಮೈದಾನಕ್ಕೆ ಬರಲಿಲ್ಲ. ಮನೆಯ ಜಗಲಿಯಲ್ಲಿ ಕೂತು ಕೂಗು ಕೇಳಿಸಿಕೊಂಡು, ಗೋಲಾಯಿತೋ ತಪ್ಪಿತೋ ಎಂದು ಲೆಕ್ಕ ಹಾಕುತ್ತಿದ್ದ. ಕೊನೆಗೆ ಕ್ಲಬ್ಬಿನ ಸಭೆಗೆ ಬಂದು, ಕೈಮುಗಿದು, ದಿಣ್ಣೆಗೆ ಮೆಟ್ಟಿಲು ಕಟ್ಟಿಸಿ ಕುರ್ಚಿ ಹಾಕಿಸಿ ಎಂದು ಕೇಳಿದ.

ಎಲ್ಲರಿಗಿಂತ ಮೊದಲು ವಿರೋಧಿಸಿದವನು ಅಂತೋಣಿ. ಅಲ್ಲಿ ಆಟ ಆಡುವವರು ಓಡುತ್ತಿರಬೇಕು, ಇಲ್ಲಿ ನಾವು ಕಾಲು ಚಾಚಿ ಕೂರಬೇಕೇ ಎಂದ. ಇದೇನು ಹರಿಕಥೆಯೇ ಎಂದ. ಓಬಳಯ್ಯನೂ ಬಿಡಲಿಲ್ಲ. ಕ್ರೇನಿನಲ್ಲಿ ದಿನವಿಡೀ ಕೂತೇ ಇರುವವನಿಗೆ ನಿಲ್ಲುವ ಚಪಲ, ನಿಲ್ಲಲಾಗದ ನಾನು ಕುರ್ಚಿ ಕೇಳಿದರೆ ತಪ್ಪೇ ಎಂದ. ಒಂದು ತಿಂಗಳು ಊರಿಗೆ ಊರೇ ಎರಡು ಪಾಲು. ಕೊನೆಗೆ ಕುರ್ಚಿಯೇ ಗೆದ್ದಿತು.

"ಕುರ್ಚಿ ಹಾಕ್ರಪ್ಪ," ಎಂದ ಅಂತೋಣಿ. "ಫುಟ್‌ಬಾಲ್ ನಡೀತಿರುವಾಗ ನಾನು ಕೂತರೆ ನನ್ನ ಹೆಸರು ಬದಲಾಯಿಸಿ."

ಅಂದಿನಿಂದ ಸ್ನೇಹಿತರಿಬ್ಬರ ನಡುವೆ ಮಾತು ನಿಂತಿತು.

ಇನ್ನು ಕುರ್ಚಿಗಳನ್ನು ಹಂಚುವುದು ಹೇಗೆ? ಕಾರ್ಖಾನೆಯವರಲ್ಲವೇ, ನಮಗೆ ಗೊತ್ತಿದ್ದದ್ದು ಒಂದೇ ದಾರಿ. ಸರ್ವಿಸ್ ಪ್ರಕಾರ, ಸೀನಿಯರ್‌ಗಳು ಮುಂದಿನ ಸಾಲಿಗೆ, ಜೂನಿಯರ್‌ಗಳು ಹಿಂದಕ್ಕೆ. ಪ್ರತಿ ಕುರ್ಚಿಯ ಬೆನ್ನಿಗೂ ಅವರವರ ಹಾಜರಿ ಟೋಕನ್ ನಂಬರ್ ಬರೆಸಿದೆವು. ಆ ಉಪಾಯ ಹೇಳಿದ ಬುದ್ಧಿವಂತ ನಾನೇ. ಯಾರು ಎಷ್ಟು ಎತ್ತರ ಅನ್ನುವುದು ಮಾತ್ರ ತಲೆಗೆ ಹೊಳೆಯಲಿಲ್ಲ. ಅಂತೋಣಿ ಒಂದು ವರ್ಷ ಸೀನಿಯರ್. ಹಾಗಾಗಿ ಅವನ ಕುರ್ಚಿ ಓಬಳಯ್ಯನ ಕುರ್ಚಿಯ ನೇರ ಮುಂದೆಯೇ ಬಂತು. ನನ್ನದು ಓಬಳಯ್ಯನ ಪಕ್ಕದಲ್ಲಿ.

ಆ ವರ್ಷ ನಮ್ಮವರು ಫೈನಲ್‌ಗೆ ಬಂದರು. ಹದಿನೆಂಟು ವರ್ಷದಿಂದ ಕೈಗೆ ಸಿಗದ ಶೀಲ್ಡು. ಎದುರಿಗೆ ಸಿಮೆಂಟ್ ಕಾರ್ಖಾನೆ ತಂಡ. ಓಬಳಯ್ಯ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಒಂದು ಗಂಟೆ ಮೊದಲೇ ಬಂದು ಕೂತಿದ್ದ. ಅಂತೋಣಿ ಬಂದ. ಹಿಂದೆ ಯಾರಿದ್ದಾರೆ ಎಂದೂ ನೋಡಲಿಲ್ಲ. ತನ್ನ ಕುರ್ಚಿಯ ಮುಂದೆ ಕಂಬದ ಹಾಗೆ ನಿಂತ.

ಆಟ ಶುರುವಾಯಿತು. ಓಬಳಯ್ಯನಿಗೆ ಕಂಡದ್ದು ಅಂತೋಣಿಯ ಬೆನ್ನು ಮಾತ್ರ.

ಎಡಕ್ಕೆ ಬಾಗಿದ, ಬಲಕ್ಕೆ ಬಾಗಿದ. ಆಮೇಲೆ ಮೆಲ್ಲಗೆ ನನ್ನನ್ನೇ ಕೇಳತೊಡಗಿದ, ಬಾಲು ಯಾರ ಹತ್ತಿರ ಇದೆ, ಯಾರು ಬಿದ್ದರು ಎಂದು. ಅವನಿಗೆ ಜಗಲಿಯೂ ಒಂದೇ, ಮೈದಾನವೂ ಒಂದೇ ಆಗಿಹೋಯಿತು. ಅಂತೋಣಿಗೆ ಕೂರಲು ಹೇಳಬಾರದೇ ಎಂದೆ.

"ಬೇಡ ಸುಮ್ನಿರಿ ಸ್ವಾಮಿ," ಎಂದ ಓಬಳಯ್ಯ. "ಕುರ್ಚಿ ಬೇಕು ಅಂತ ಅತ್ತವನು ನಾನೇ. ಈಗ ಕುರ್ಚಿಯಿಂದ ಏನೂ ಕಾಣಲ್ಲ ಅಂದ್ರೆ ಊರು ನಗಲ್ವಾ?"

ಒಂದಕ್ಕೊಂದು ಗೋಲು ಸಮ. ಆಟ ಮುಗಿಯಲು ಮೂರು ನಿಮಿಷವಿದೆ ಅನ್ನುವಾಗ ನಮ್ಮವರಿಗೆ ಪೆನಾಲ್ಟಿ ಸಿಕ್ಕಿತು. ಮುಂದಿನ ಸಾಲುಗಳೆಲ್ಲ ಎದ್ದು ನಿಂತವು. ಮೈದಾನ ಇದ್ದಕ್ಕಿದ್ದಂತೆ ಗಪ್‌ಚಿಪ್. ಆ ಮೌನದಲ್ಲಿ ಓಬಳಯ್ಯನ ಮಾತು ಸ್ಪಷ್ಟವಾಗಿ ಕೇಳಿಸಿತು. "ಏನಾಯ್ತು ಸ್ವಾಮಿ? ಯಾಕೆ ಎಲ್ಲರೂ ಸುಮ್ಮನಾದರು?"

ಅಂತೋಣಿ ತಿರುಗಿ ನೋಡಿದ. ಆ ದಿನ ಮೊದಲ ಸಲ. ಆಮೇಲೆ, ಮಕ್ಕಳೇ, ಅಂತೋಣಿ ಕೂತ.

ಕೂತು, ತನ್ನ ಭುಜ ತಟ್ಟಿ ತೋರಿಸಿದ. "ಹಿಡ್ಕೊಂಡು ನಿಂತ್ಕೊಳೋ ಓಬ್ಳ. ಇಲ್ಲಿಂದ ನಂಗೇನೂ ಕಾಣಲ್ಲ. ನೀನೇ ನೋಡಿ ಹೇಳು."

ಓಬಳಯ್ಯ ಎದ್ದ. ಎರಡು ಕೈಯನ್ನೂ ಆ ಭುಜಗಳ ಮೇಲೆ ಊರಿದ. ಅಷ್ಟು ಗಟ್ಟಿ ಊರುಗೋಲು ಯಾವ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಅವನ ಮೆಟ್ಟಿಲು ಮೇಲಿದ್ದುದರಿಂದ ಮುಂದೆ ನಿಂತವರ ತಲೆಗಳ ಮೇಲಿಂದ ಮೈದಾನ ಕಂಡಿತು. ಹೇಳುತ್ತಾ ಹೋದ. ನಮ್ಮ ಹುಡುಗ ಬಾಲು ಇಟ್ಟ. ಹಿಂದಕ್ಕೆ ಬಂದ. ಓಡಿದ.

ಮುಂದಕ್ಕೆ ಅವನ ಬಾಯಿಂದ ಮಾತೇ ಹೊರಡಲಿಲ್ಲ. ಬೆರಳುಗಳು ಮಾತ್ರ ಅಂತೋಣಿಯ ಭುಜವನ್ನು ಕಚ್ಚಿ ಹಿಡಿದವು. ಕೂಗು ಏಳುವ ಮೊದಲೇ ಅಂತೋಣಿಗೆ ಗೊತ್ತಾಯಿತು, ಗೋಲು.

ಎರಡು ಸಾವಿರ ಜನ ನಿಂತು ಕುಣಿಯುತ್ತಿದ್ದರು. ನಿಲ್ಲಲಾರದ ಓಬಳಯ್ಯನೂ ನಿಂತಿದ್ದ. ಇಡೀ ಮೈದಾನದಲ್ಲಿ ಕೂತಿದ್ದವನು ಒಬ್ಬನೇ, ಎಂದೂ ಕೂರುವುದಿಲ್ಲ ಎಂದಿದ್ದ ಅಂತೋಣಿ.

ಅವನ ಭುಜದ ಮೇಲಿನ ಬೆರಳಿನ ಗುರುತು ಒಂದು ವಾರ ಇತ್ತು. ಹದಿನೆಂಟು ವರ್ಷ ಕಾದ ಗೋಲನ್ನು ಎಲ್ಲರೂ ಕಣ್ಣಿನಲ್ಲಿ ನೋಡಿದರೆ ನಾನು ಭುಜದಲ್ಲಿ ನೋಡಿದೆ ಎಂದು ಅಂತೋಣಿ ಕ್ಯಾಂಟೀನಿನಲ್ಲಿ ಶರ್ಟಿನ ಗುಂಡಿ ಬಿಚ್ಚಿ ತೋರಿಸುತ್ತಿದ್ದ. ನಾವು ಕುರ್ಚಿಗಳ ನಂಬರನ್ನೆಲ್ಲ ಅಳಿಸಿಹಾಕಿದೆವು. ಮುಂದಿನ ಆಟದ ದಿನ, ಸೀಟಿ ಊದುವ ಮೊದಲು, ಕುರ್ಚಿಗಳ ನಡುವಿನಿಂದ ಅದೇ ಹಳೆಯ ಕೂಗು ಎದ್ದಿತು: ಗಿಡ್ಡದೋರು ಮುಂದೆ!

ನೀತಿ: ನಿಂತು ನೋಡುವುದು ಮೇಲೋ, ಕೂತು ನೋಡುವುದು ಮೇಲೋ ಎಂದು ಎಷ್ಟು ಬೇಕಾದರೂ ವಾದ ಮಾಡಿ, ತಪ್ಪಿಲ್ಲ. ಆದರೆ ನಿಮ್ಮ ಹಿಂದೆ ಇರುವವನಿಗೂ ಆಟ ಕಾಣುತ್ತಿದೆಯೇ ಎಂದು ಒಮ್ಮೆ ತಿರುಗಿ ನೋಡಿ. ಕಾಣದಿದ್ದರೆ, ಹಟ ಬಿಟ್ಟು ಭುಜ ಕೊಡಿ.