ದೇವರ ಜಗಲಿಯ ಮೇಲಿನ ಸಿ.ಡಿ.

ಒಬ್ಬ ಶಿಷ್ಯ. ಗುರುವಿನ ದನಿಯಿದ್ದ ಸಿ.ಡಿ.ಯನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ ವರ್ಷಗಟ್ಟಲೆ ದೇವರ ಜಗಲಿಯ ಮೇಲಿಟ್ಟ. ದಿನಕ್ಕೆರಡು ಹೊತ್ತು ಪಕ್ಕದಲ್ಲೇ ದೀಪ. ಆಯುಧಪೂಜೆಗೆ ಅದರ ಮಿರಿಮಿರಿ ಮೈಗೇ ಕುಂಕುಮ! ಕೊನೆಗೊಂದು ದಿನ ಯಂತ್ರಕ್ಕೆ ಹಾಕಿದಾಗ ಏನಾಗಿರಬೇಕು? ಊಹಿಸಿ ನೋಡೋಣ.

ಹೂಂ, ಅದೇ. ಪಿಟ್ಟೆನ್ನಲಿಲ್ಲ.

ಶಿಷ್ಯನ ಹೆಸರು ತೋಂಟದಪ್ಪ. ಮಲಪ್ರಭೆಯ ದಂಡೆಯ ಮೇಲಿದ್ದ ಅಡವಯ್ಯಜ್ಜನವರ ಹಿರಿಯ ಶಿಷ್ಯ. ಗಂಟಲಿನ ಆಪರೇಷನ್ನಿಗೆ ಮೊದಲು ಅಜ್ಜನವರು ಹಾಡಿದ ಹನ್ನೆರಡು ಪದಗಳು ಅದರಲ್ಲಿದ್ದವು. ಆಮೇಲೆ ಅವರಿಗೆ ಉಳಿದದ್ದು ಪಿಸುಮಾತು. ಪದಗಳ ಸಾಲು ಕಾಗದದ ಮೇಲಿತ್ತು, ಧಾಟಿ ಮಾತ್ರ ಆ ಸಿ.ಡಿ.ಯಲ್ಲೇ.

ಕಿರಿಯ ಶಿಷ್ಯ ಫಕೀರೇಶ ಒಂದು ನಾಲ್ಕು ಪದ ಹಾಡುತ್ತಿದ್ದ, ಅದೂ ನಡುನಡುವೆ ಮರೆತು. ಆದರೂ ಮಂದಿ ಅವನ ಸುತ್ತಲೇ! ತೋಂಟದಪ್ಪನಿಗೆ ಅದೇ ತಡೆಯಲಾಗದ ಸಂಕಟ. ಅವತ್ತು ತುಂಬಿದ ಸಭೆಯಲ್ಲಿ ಎದ್ದು ನಿಂತ.

"ಅರೆಬರೆ ಯಾಕ ಕೇಳ್ತೀರಿ? ಅಸಲಿ ನನ್ನ ಹತ್ರ ಐತಿ."

ಹಾಕಿದ. ಗರಗರ ತಿರುಗಿತು, ನಿಂತಿತು.

ಫಕೀರೇಶನೇ ಓಡಿ ಬಂದ. ಒರೆಸಿದ. ಇನ್ನೆರಡು ಯಂತ್ರ ತರಿಸಿ ಹಾಕಿ ನೋಡಿದ. ಅವನ ಮುಖದಲ್ಲಿ ತೋಂಟದಪ್ಪ ಗೆದ್ದ ನಗೆ ಹುಡುಕಿದ. ಇರಲಿಲ್ಲ, ಕಣ್ಣು ತುಂಬಿದ್ದವು. ಅದಕ್ಕೂ ಇವನ ಹೊಟ್ಟೆ ಉರಿಯಿತು.

"ಅಣ್ಣಾ, ದನಿ ಹಿಡದಿಟ್ಟ ಒಳಗಿನ ಬಣ್ಣ ಹೋಗೇತಿ. ದೀಪದ ಕಾವು ಇದು ತಡಿಯೂದಿಲ್ಲ."

"ದೇವರ ಮುಂದ ಇಟ್ಟಿದ್ನಲೇ! ಇನ್ನೆಲ್ಲಿ ಇಡಬೇಕಿತ್ತು?"

"ತಂಪಿನ್ಯಾಗ, ಕತ್ತಲದಾಗ, ಡಬ್ಬ್ಯಾಗ ನಿಲ್ಲಿಸಿ. ಹಂಗಿಟ್ರೂ ಹತ್ತು ವರ್ಷನೋ ಇಪ್ಪತ್ತೋ, ಯಾರೂ ಬರದು ಕೊಡೂದಿಲ್ಲ. ಅದಕ್ಕ ಕೆಡೂದ್ರಾಗ ಇನ್ನೊಂದಕ್ಕ ಇಳಿಸ್ಕೋಬೇಕು."

ಇನ್ನೊಂದು ಮಾತು ಫಕೀರೇಶನ ಬಾಯಿತನಕ ಬಂದಿತ್ತು, ಆಡಲಿಲ್ಲ.

ತೋಂಟದಪ್ಪ ಸಿ.ಡಿ.ಯನ್ನು ರೇಷ್ಮೆಯ ಸಮೇತ ಎತ್ತಿಕೊಂಡು ಹೊಳೆಯ ಕಡೆ ನಡೆದ. ಅಜ್ಜನವರು ಪೇರಲ ಗಿಡದ ಕೆಳಗೆ ಗಿಳಿ ಓಡಿಸುತ್ತ ಕೂತಿದ್ದರು.

"ಅಜ್ಜಾರ, ನಿಮ್ಮ ದನಿ ಕಳದೆ."

ಅಜ್ಜನವರು ಇಸಕೊಂಡರು. ರೇಷ್ಮೆಯ ಅಂಚಿನಿಂದ ಒಂದು ಎಳೆ ಕಿತ್ತು, ಸಿ.ಡಿ.ಯ ನಡುವಿನ ತೂತಿಗೆ ಪೋಣಿಸಿ, ಟೊಂಗೆಗೆ ಕಟ್ಟಿದರು. ಬಿಸಿಲಿಗೆ ಅದು ಪಳಪಳ ಅಂದಿತು. ಗಿಳಿಗಳು ಹಾರಿಹೋದವು.

"ಇನ್ನ ಊರಿಗೆಲ್ಲಾ ಕಾಣತೈತಿ, ಬಿಡು."

ತೋಂಟದಪ್ಪ ತೂಗುತ್ತಿದ್ದ ಸಿ.ಡಿ.ಯನ್ನು ಕೈಯಲ್ಲಿ ಹಿಡಿದು ನೋಡಿದ.

"ಯಾವಾಗ ಕೆಟ್ಟಿರಬೇಕ್ರಿ ಇದು? ಹ್ವಾದ ಬ್ಯಾಸಿಗ್ಯಾಗ?"

ಅಜ್ಜನವರು ಪಿಸುಗುಟ್ಟಿದರು. ಅವನು ಬಾಗಿ, ಕಿವಿಗೊಟ್ಟು ಕೇಳಬೇಕಾಯಿತು.

"ಫಕೀರೇಶ ಖಾಲಿ ಸಿ.ಡಿ. ಹಿಡಕೊಂಡು ನಿನ್ನ ಬಾಗಿಲಿಗೆ ಬಂದಿದ್ದ. 'ಇಳಿಸಿ ಕೊಡು ಅಣ್ಣಾ' ಅಂದ. 'ಅಜ್ಜಾರು ಕೊಟ್ಟದ್ದು ನನಗ' ಅಂತ ನೀ ಕದಾ ಹಾಕಿದಿ. ನಾ ಕಟ್ಟಿ ಮ್ಯಾಲೆ ಕುಂತಿದ್ದೆ. ಅವತ್ತ ಕೆಟ್ಟಿತು, ತಮ್ಮಾ. ಎರಡು ಸಾವಿರದ ಒಂಬತ್ತು, ಆಗಸ್ಟ್ ಹದಿನಾಲ್ಕು, ಶುಕ್ರವಾರ."