ಸಾವ್ಕಾರ್ರ ಪವರ್ ಮೀಟರ್

ವಿಜಯಪುರದ ಆ ಸೈಕಲ್ ಕ್ಲಬ್ಬಿನಲ್ಲಿ ಹಗುರಾದ ರೇಸ್ ಗಾಲಿ ಇದ್ದದ್ದು ಒಂದೇ ಜೋಡಿ. ರವಿವಾರದ ರೇಸಿಗೆ ದಾನಮ್ಮ ಅವನ್ನೇ ನಂಬಿಕೊಂಡಿದ್ದಳು. ಶನಿವಾರ ಬೆಳಿಗ್ಗೆ ಕ್ಲಬ್ಬಿನ ಅಧ್ಯಕ್ಷ ಬಸಲಿಂಗಪ್ಪ ಸಾವ್ಕಾರ್ರು ಹೊಸ ಸೈಕಲ್ ಹಿಡಿದು ಬಂದರು. ಅದಕ್ಕೆ ಪವರ್ ಮೀಟರ್ ಹಾಕಿಸಿದ್ದರು. ಕಾಲು ಎಷ್ಟು ಜೋರಾಗಿ ತುಳಿಯುತ್ತದೆಂದು ಅದು ಅಂಕಿಯಲ್ಲಿ ತೋರಿಸುತ್ತದೆ.

"ಆ ರೇಸ್ ಗಾಲಿ ನನ್ನ ಸೈಕಲ್ಲಿಗೆ ಹಾಕು. ಇನ್ನ ಮ್ಯಾಲ ಅವು ನನ್ನವು. ಅಧ್ಯಕ್ಷ ನಾನಲ್ಲೇನು?"

ದಾನಮ್ಮ ಗಾಲಿ ತಂದು ಮುಂದಿಟ್ಟಳು.

"ಹಾಕ್ತೀನ್ರಿ ಸಾವ್ಕಾರ್ರ. ಆದ್ರ ಇವು ತಾವ ಓಡ್ತಾವ್ರಿ, ಕಾಲಿಗೆ ಕೆಲಸಾನ ಇರೂದಿಲ್ಲ. ಮೀಟರಿನ್ಯಾಗ ಸಣ್ಣ ಅಂಕಿ ಬಂದ್ರ ಮಂದಿ ಏನಂದಾರು?"

ಗಾಲಿಯ ಮೇಲಿಟ್ಟ ಕೈಯನ್ನು ಸಾವ್ಕಾರ್ರು ಹಿಂದೆ ತೆಗೆದರು. "ದೊಡ್ಡ ಅಂಕಿ ಬರಬೇಕಂದ್ರ?"

"ಪ್ರ್ಯಾಕ್ಟೀಸಿನ ಭಾರದ ಗಾಲಿ ಅದಾವಲ್ರಿ. ಅವನ್ನ ತುಳಿಯಾಕ ನಿಮ್ಮಂಥಾವ್ರ ಬೇಕ್ರಿ."

ಹುಡುಗರೆಲ್ಲ ಸುತ್ತು ಮುಗಿಸಿ ಚಹಾ ಕುಡಿದಾದ ಮೇಲೆ ಸಾವ್ಕಾರ್ರು ಭಾರದ ಗಾಲಿಯ ಮೇಲೆ ಏದುಸಿರು ಬಿಡುತ್ತ ಬಂದರು. ಬಂದವರೇ ಮೀಟರಿನ ಅಂಕಿಯನ್ನು ಒಬ್ಬೊಬ್ಬರ ಮುಖಕ್ಕೂ ಹಿಡಿದರು.

ರವಿವಾರ ದಾನಮ್ಮ ಗೆದ್ದಳು. ಹಾರ ಹಾಕಲು ಬಂದ ಸಾವ್ಕಾರ್ರು ಅವಳ ಗಾಲಿ ನೋಡಿ ಮರುಗಿದರು.

"ಪಾಪ, ತಂಗಿ! ಇಂಥಾ ಹಗುರ ಗಾಲಿ ಇಟ್ಕೊಂಡು ನಿನಗೇನು ಅಂಕಿ ಬಂದೀತು!"